ಉತಾರದಲ್ಲಿ ಯಾರ ಹೆಸರು?

ಗದಗಿನ ಓದುಗರೊಬ್ಬರ ಪತ್ರ: "ನನ್ನ ಹೊಲ ನನ್ನದು. ಆಸ್ತಿ ನನ್ನ ಮೂಲಭೂತ ಹಕ್ಕು, ಸರ್ಕಾರ ಅದರಲ್ಲಿ ಕೈ ಹಾಕಬಾರದು. ನಮ್ಮ ಅಳಿಯಂದಿರು ಮಾತ್ರ, ಭೂಮಿಯೆಲ್ಲ ಸರ್ಕಾರದ್ದಾಗಬೇಕು, ಸಮನಾಗಿ ಹಂಚಬೇಕು ಅಂತಾರೆ. ಪಂಚಮಿಗೆ ಬಂದವರು ಉಂಡಿ ತಿನ್ನೋದು ಬಿಟ್ಟು ಜಗಳಾಡಿ ಹೋದರು. ಯಾರದು ಸರಿ?"

ಹಿರಿಯರೆ, ನಮಸ್ಕಾರ.

ಮೊದಲು ಸಣ್ಣದೊಂದು ವಿಷಯ. ಆಸ್ತಿ ಈಗ ಮೂಲಭೂತ ಹಕ್ಕಲ್ಲ. 1978ರಲ್ಲಿ ಸಂವಿಧಾನಕ್ಕೆ ಆದ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎನ್ನುವ 300ಎ ವಿಧಿ ಇದೆ. ಅಷ್ಟು ಕಾವಲು ಉಂಟು.

ನನ್ನ ಕಣ್ಣು ನಿಂತದ್ದು ನಿಮ್ಮ ಪತ್ರದ ಅಂಚಿನಲ್ಲಿ. ಜಾಗ ಸಾಲದೆ ಅಡ್ಡಡ್ಡ ಬರೆದಿದ್ದೀರಿ: "ಈ ಎಂಟು ಎಕರೆ ಎರಿ ಹೊಲ ನಮ್ಮಪ್ಪಗ ಫಾರ್ಮ್ ನಂಬರ್ 7ರಾಗ ಬಂದದ್ದು. ಈಗ ಲಾವಣಿಗೆ ಹಾಕೇನಿ." ಅಂದರೆ ಬೇರೊಬ್ಬರಿಗೆ ಗೇಣಿಗೆ ಕೊಟ್ಟಿದ್ದೀರಿ.

ಕೈ ಹಾಕಬಾರದು ಅಂದಿರಲ್ವಾ? ಭೂ ಸುಧಾರಣಾ ಕಾಯ್ದೆಯಡಿ 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ದೇವರಾಜ ಅರಸರ ಕಾಲ. ಉಳುತ್ತಿದ್ದವರು ಫಾರ್ಮ್ ನಂಬರ್ 7 ತುಂಬಿ ಕೊಟ್ಟರು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವರ ಹೆಸರಿಗೆ ಮಾಡಿತು. ಅಂದರೆ ಸರ್ಕಾರ ಇನ್ನೊಬ್ಬರ ಹೊಲದಲ್ಲಿ ಕೈ ಹಾಕಿದ್ದಕ್ಕೇ ನಿಮ್ಮ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಿಮ್ಮ ಹೆಸರಿದೆ.

ಆ ಇನ್ನೊಬ್ಬರಲ್ಲಿ ನಮ್ಮಜ್ಜಿಯೂ ಒಬ್ಬಳು. ಗಂಡ ಸತ್ತ ಮೇಲೆ ಉಳುವವರಿಲ್ಲದೆ ನಾಲ್ಕು ಎಕರೆ ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದಳು. ವರ್ಷಕ್ಕೆ ಬರುತ್ತಿದ್ದ ಜೋಳದ ಚೀಲಗಳೇ ಅವಳ ಜೀವನ. ವಿಧವೆ ಅಂತ ವಿನಾಯಿತಿ ಸಿಗಲಿಲ್ಲ. ಹೊಲ ಹೋಯಿತು. ಅವಳು ಸಾಯೋತನಕ ಆ ದಾರಿಯಲ್ಲಿ ನಡೆಯಲಿಲ್ಲ, ಸುತ್ತಿ ಬರುತ್ತಿದ್ದಳು. ಆದರೂ ಆ ಕಾಯ್ದೆ ಸರಿ ಇತ್ತು ಅಂತಲೇ ನನ್ನ ಅಭಿಪ್ರಾಯ. ಅಜ್ಜಿಯ ಮುಂದೆ ಇದನ್ನು ಹೇಳುವ ಧೈರ್ಯ ಮಾತ್ರ ಯಾವತ್ತೂ ಬರಲಿಲ್ಲ.

ಇನ್ನು ಅಳಿಯಂದಿರು. ಎಲ್ಲವನ್ನೂ ಸರ್ಕಾರದ ಕೈಗೆ ಕೊಡುವ ಮೊದಲು ಅವರು ಒಮ್ಮೆ ನರಗುಂದಕ್ಕೆ ಹೋಗಿ ಬರಲಿ. ದೂರವೇನಲ್ಲ. ಮಲಪ್ರಭೆಯ ನೀರು ಕೊಟ್ಟೆವು, ನಿಮ್ಮ ಭೂಮಿಯ ಬೆಲೆ ಹೆಚ್ಚಾಯಿತು ಅಂತ ಸರ್ಕಾರ ರೈತರ ಮೇಲೆ ಅಭಿವೃದ್ಧಿ ಕರ ಹೇರಿತ್ತು. ಹೊಲಕ್ಕೆ ನೀರೇ ಸರಿಯಾಗಿ ಬಂದಿಲ್ಲ, ಕರ ಯಾತರದ್ದು ಅಂತ ರೈತರು ಕೇಳಿದರು. 1980ರ ಜುಲೈ 21ರಂದು ನರಗುಂದ, ನವಲಗುಂದ ಎರಡೂ ಕಡೆ ಗೋಲಿಬಾರ್ ಆಯಿತು. ಉತಾರ ಬರೆಯುವ ಕೈಯೇ ಬಂದೂಕು ಹಿಡಿಯುವ ಕೈ ಕೂಡ. ಅದಕ್ಕೆ ಇನ್ನಷ್ಟು ಕೊಡಿ ಅನ್ನುವವರು, ಅದನ್ನು ಪ್ರಶ್ನಿಸೋದು ಹೇಗೆ ಅಂತಲೂ ಹೇಳಬೇಕು.

ತೀರ್ಪು ಕೇಳಿದ್ದೀರಿ. ಅದಕ್ಕೆ ಮುಂಚೆ ಒಬ್ಬರ ಹೇಳಿಕೆ ಬಾಕಿ ಇದೆ. ನಿಮ್ಮ ಮಾವ-ಅಳಿಯರ ಜಗಳದಲ್ಲಿ ಆ ಲಾವಣಿ ಮಾಡುವವನ ಮಾತೇ ಬಂದಿಲ್ಲ. ಬೀಜ ಗೊಬ್ಬರಕ್ಕೆ ಸಾಲ ಮಾಡುವವನು ಅವನು. ಕಾನೂನಿನ ಲೆಕ್ಕದಲ್ಲಿ ಗೇಣಿಯೇ ಇಲ್ಲ, ಹಾಗಾಗಿ ಉತಾರದಲ್ಲಿ ಅವನ ಹೆಸರಿಲ್ಲ. ಐವತ್ತು ವರ್ಷದ ಹಿಂದೆ ನಿಮ್ಮ ತಂದೆಯವರು ನಿಂತಿದ್ದ ಜಾಗದಲ್ಲೇ ಅವನು ನಿಂತಿದ್ದಾನೆ.

ಕಳೆದ ಸಲ ಬೆಳೆ ಪರಿಹಾರ ಬಂದಾಗ ದುಡ್ಡು ಯಾರ ಖಾತೆಗೆ ಜಮೆ ಆಯಿತು? ಅಳಿಯಂದಿರನ್ನು ದೀಪಾವಳಿಗೆ ಕರೆಯುವ ಮುಂಚೆ ಅಷ್ಟೊಂದು ಬರೆದು ಕಳಿಸಿ.

– ಸಂಪಾದಕ