ನಮ್ಮ ಕ್ಷೇತ್ರ ಎಲ್ಲಿ ಹೋಯ್ತು?

ಈ ಸಂಚಿಕೆಯ ಪ್ರಶ್ನೆಗಳೆಲ್ಲ ವಿಧಾನಸಭಾ ಕ್ಷೇತ್ರಗಳ ಬಗ್ಗೆಯೇ ಇವೆ. ಹೆಚ್ಚಿನವು ಮೈಸೂರು, ಚಾಮರಾಜನಗರದ ಕಡೆಯಿಂದ ಬಂದವು.

ಪ್ರಶ್ನೆ: ಸರ್, ನಮ್ಮದು ಸಂತೇಮರಹಳ್ಳಿ ಹತ್ತಿರದ ಒಂದು ಹಳ್ಳಿ. ನಮ್ಮ ತಾತ ಈಗಲೂ "ಸಂತೇಮರಹಳ್ಳಿ ಕ್ಷೇತ್ರ" ಅಂತಲೇ ಹೇಳುತ್ತಾರೆ. ಅಲ್ಲಿ ಒಂದೇ ಒಂದು ಓಟಿನಲ್ಲಿ ಗೆದ್ದವರಿದ್ದಾರೆ ಅಂತಾರೆ. ನಾನು 2023ರಲ್ಲಿ ಮೊದಲ ಸಲ ಓಟು ಹಾಕಿದ್ದು ಕೊಳ್ಳೇಗಾಲ ಕ್ಷೇತ್ರಕ್ಕೆ. ಪಟ್ಟಿಯಲ್ಲಿ ಸಂತೇಮರಹಳ್ಳಿ ಹೆಸರೇ ಇಲ್ಲ. ತಾತ ಹೇಳೋದು ನಿಜವಾ?

ಪೂರ್ತಿ ನಿಜ. ಅದು 2004ರ ವಿಧಾನಸಭಾ ಚುನಾವಣೆ. ಸಂತೇಮರಹಳ್ಳಿ ಆಗ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ ಬಿದ್ದ ಮತ 40,752. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಎರಡೂ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಕೊನೆಯ ಅಂಕಿ ಬಿಟ್ಟರೆ ಉಳಿದದ್ದೆಲ್ಲ ಒಂದೇ.

ಎಣಿಕೆ ಏಜೆಂಟರಾಗಿ, ಅಂದರೆ ಅಭ್ಯರ್ಥಿಯ ಪರವಾಗಿ ಎಣಿಕೆ ನೋಡಲು ಕೂತವರಿಗೆ ಇದು ಎಂಥ ಸಂಕಟ ಅಂತ ಗೊತ್ತಾಗುತ್ತದೆ. ಜಾಲರಿಯ ಆಚೆ ಟೇಬಲ್ಲಿನ ಮೇಲೆ ಮತಯಂತ್ರ ಇಡುತ್ತಾರೆ. ಸೀಲು ತೋರಿಸಿ ಒಡೆಯುತ್ತಾರೆ. ಸಿಬ್ಬಂದಿ ಗುಂಡಿ ಒತ್ತಿದರೆ ಒಂದೊಂದೇ ಅಭ್ಯರ್ಥಿಯ ಕ್ರಮಸಂಖ್ಯೆ, ಅವರಿಗೆ ಬಿದ್ದ ಮತ ಪರದೆಯ ಮೇಲೆ ಬರುತ್ತಾ ಹೋಗುತ್ತದೆ. ಈಚೆ ಕೂತ ಏಜೆಂಟರು ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು ಬರೆದುಕೊಳ್ಳುತ್ತಾರೆ, ಸುತ್ತು ಮುಗಿದಾಗ ಕೂಡುತ್ತಾರೆ, ಪಕ್ಕದವರ ಲೆಕ್ಕದ ಜತೆ ತಾಳೆ ಹಾಕುತ್ತಾರೆ, ಎಲ್ಲೋ ಒಂದು ತಪ್ಪಿದೆ ಅನ್ನಿಸಿದರೆ ಮತ್ತೆ ಮೊದಲಿಂದ ಕೂಡುತ್ತಾರೆ. ಹೀಗೆ ಎಂಬತ್ತು ಸಾವಿರಕ್ಕೂ ಜಾಸ್ತಿ ಮತ ಇಬ್ಬರಿಗೆ ಹಂಚಿಹೋಗಿ, ಕೊನೆಗೆ ಉಳಿದ ಅಂತರ ಒಂದು. ಕೃಷ್ಣಮೂರ್ತಿ ಅವರ ಕಾರಿನ ಚಾಲಕರಿಗೇ ಅವತ್ತು ಓಟು ಹಾಕಲು ಆಗಿರಲಿಲ್ಲ ಅನ್ನುವ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆ ಮನುಷ್ಯನ ಮೇಲೆ ಎಷ್ಟು ಭಾರ ಬಿದ್ದಿರಬೇಕು ಅಂತ ನನಗೆ ಈಗಲೂ ಬೇಸರವಾಗುತ್ತದೆ. ಅವತ್ತು ಮತಗಟ್ಟೆಗೆ ಹೋಗದವರು ಕ್ಷೇತ್ರದ ತುಂಬ ಸಾವಿರಾರು ಜನ ಇದ್ದರು, ಅಲ್ವಾ?

ಇನ್ನು ಕ್ಷೇತ್ರ ಎಲ್ಲಿ ಹೋಯ್ತು ಅಂದಿರಿ. ಅದು 2008ರ ಪುನರ್‌ವಿಂಗಡಣೆಯಲ್ಲಿ ಹೋಯಿತು. 2001ರ ಜನಗಣತಿ ಇಟ್ಟುಕೊಂಡು ಇಡೀ ರಾಜ್ಯದ ಗೆರೆಗಳನ್ನು ಹೊಸದಾಗಿ ಎಳೆದರು. ಒಟ್ಟು ಸ್ಥಾನ 224 ಹಾಗೇ ಇರಬೇಕು, ಜನಸಂಖ್ಯೆಗೆ ತಕ್ಕಂತೆ ಹಂಚಬೇಕು ಅನ್ನೋದು ಲೆಕ್ಕ. ಬೆಂಗಳೂರಿನಲ್ಲಿ ಜನ ಬೆಳೆದಿದ್ದರಿಂದ ಅಲ್ಲಿ ಸ್ಥಾನಗಳು 28ಕ್ಕೆ ಏರಿದವು. ಒಂದು ಕಡೆ ಏರಬೇಕಾದರೆ ಇನ್ನೊಂದು ಕಡೆ ಇಳಿಯಲೇಬೇಕು. ಚಾಮರಾಜನಗರ ಜಿಲ್ಲೆಯಲ್ಲಿ ಐದಿದ್ದದ್ದು ನಾಲ್ಕಾಯಿತು. ಉಳಿದವು ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು. ಹೋದದ್ದು ಸಂತೇಮರಹಳ್ಳಿ. ನಿಮ್ಮ ಹೋಬಳಿ ಕೊಳ್ಳೇಗಾಲಕ್ಕೆ ಸೇರಿತು.

ಆದರೆ ಆ ಒಂದು ಓಟಿನ ಪೈಪೋಟಿ ಕ್ಷೇತ್ರದ ಜತೆ ಮುಗಿಯಲಿಲ್ಲ. ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಮರುವರ್ಷ ಚಾಮರಾಜನಗರ ಲೋಕಸಭೆಗೆ ನಿಂತಾಗ ಎದುರಿಗೆ ಮತ್ತೆ ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ಧ್ರುವನಾರಾಯಣ ಗೆದ್ದರು, ಅಂತರ 4,002 ಮತ. 2014ರಲ್ಲೂ ಇವರಿಬ್ಬರೇ, ಗೆದ್ದದ್ದೂ ಧ್ರುವನಾರಾಯಣ ಅವರೇ. 2018ರಲ್ಲಿ ಕೃಷ್ಣಮೂರ್ತಿ ಕಾಂಗ್ರೆಸ್‌ನಿಂದ ಕೊಳ್ಳೇಗಾಲದಲ್ಲಿ ನಿಂತು ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋತರು. 2023ರಲ್ಲಿ, ಅಂದರೆ ನೀವು ಮೊದಲ ಓಟು ಹಾಕಿದ ಚುನಾವಣೆಯಲ್ಲಿ, ಅದೇ ಮಹೇಶ್ ಬಿಜೆಪಿಯಿಂದ ನಿಂತಿದ್ದರು. ಕೃಷ್ಣಮೂರ್ತಿ 59,519 ಮತಗಳ ಅಂತರದಲ್ಲಿ ಗೆದ್ದರು. ಒಂದು ಓಟಿನ ಸೋಲು ಕಂಡವರು ವಿಧಾನಸಭೆಗೆ ಹೀಗೆ ವಾಪಸ್ ಬಂದರು, ಹತ್ತೊಂಬತ್ತು ವರ್ಷದ ಮೇಲೆ. ಅದನ್ನು ನೋಡಲು ಧ್ರುವನಾರಾಯಣ ಇರಲಿಲ್ಲ. ಚುನಾವಣೆಗೆ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಅವರ ಮಗ ದರ್ಶನ್ ಅದೇ ಚುನಾವಣೆಯಲ್ಲಿ ನಂಜನಗೂಡಿನಿಂದ ಗೆದ್ದರು.

ನಿಮ್ಮ ತಾತನ ಹತ್ತಿರ ಕೂತು ಇದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿ. ಫಲಿತಾಂಶದ ಪಟ್ಟಿಯಲ್ಲಿ ಸಂಖ್ಯೆ ಸಿಗುತ್ತದೆ. ಅವತ್ತು ಸಂಜೆ ಊರಿನ ಕಟ್ಟೆಯ ಮೇಲೆ ಏನು ಮಾತಾಡಿಕೊಂಡರು ಅನ್ನೋದು ಅದರಲ್ಲಿ ಸಿಗೋದಿಲ್ಲ.

ಪ್ರಶ್ನೆ: ಅಕಸ್ಮಾತ್ ಇಬ್ಬರಿಗೂ ಸಮ ಸಮ ಬಿದ್ದಿದ್ದರೆ? ಮತ್ತೆ ಚುನಾವಣೆ ಮಾಡಬೇಕಿತ್ತಾ?

ಇಲ್ಲ. ಚೀಟಿ ಎತ್ತುತ್ತಾರೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 65ನೇ ಕಲಂನಲ್ಲಿ ಇದು ಇದೆ. ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು, ಯಾರ ಹೆಸರು ಬಂತೋ ಅವರಿಗೆ ಒಂದು ಮತ ಜಾಸ್ತಿ ಬಿದ್ದಿದೆ ಅಂತ ಭಾವಿಸಬೇಕು. ಇತ್ತೀಚೆಗೆ ನಮ್ಮ ರಾಜ್ಯದಲ್ಲಿ ಅದಕ್ಕೆ ಹತ್ತಿರ ಬಂದದ್ದು ಬೆಂಗಳೂರಿನ ಜಯನಗರ. 2023ರಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರು ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಎದುರು 16 ಮತಗಳಿಂದ ಗೆದ್ದರು. ತಿರಸ್ಕಾರವಾಗಿದ್ದ ಅಂಚೆ ಮತಗಳನ್ನು ಮತ್ತೆ ನೋಡಿ, ಮರು ಎಣಿಕೆ ಮಾಡಿ, ಫಲಿತಾಂಶ ಹೊರಗೆ ಬರುವಾಗ ರಾತ್ರಿಯಾಗಿತ್ತು.

ಪ್ರಶ್ನೆ: 2018ರಲ್ಲಿ ಸಿದ್ದರಾಮಯ್ಯ ಅವರು "ತಮ್ಮ ಹಳೇ ಕ್ಷೇತ್ರದಲ್ಲೇ ಸೋತರು" ಅಂತ ಎಲ್ಲರೂ ಬರೆದರು. ನಮ್ಮ ಮಾವ ಮಾತ್ರ "ಅದು ಹಳೇ ಕ್ಷೇತ್ರವೇ ಅಲ್ಲ" ಅಂತ ವಾದ ಮಾಡುತ್ತಾರೆ. ಯಾರದು ಸರಿ?

ನಿಮ್ಮ ಮಾವನ ಮಾತಿನಲ್ಲಿ ತೂಕ ಇದೆ.

ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸಿದ್ದರಾಮಯ್ಯ 1983ರಲ್ಲಿ ಭಾರತೀಯ ಲೋಕದಳದಿಂದ ಮೊದಲ ಸಲ ಗೆದ್ದರು. 1985ರಲ್ಲಿ ಜನತಾ ಪಕ್ಷದಿಂದ ಗೆದ್ದರು. 1989ರಲ್ಲಿ ಕಾಂಗ್ರೆಸ್‌ನ ಎಂ. ರಾಜಶೇಖರ ಮೂರ್ತಿ ಎದುರು ಸೋತರು. 1994ರಲ್ಲಿ ಜನತಾದಳದಿಂದ ಗೆದ್ದರು, 1999ರಲ್ಲಿ ಕಾಂಗ್ರೆಸ್‌ನ ಎ.ಎಸ್. ಗುರುಸ್ವಾಮಿ ಎದುರು ಸೋತರು, 2004ರಲ್ಲಿ ಜೆಡಿಎಸ್‌ನಿಂದ ಗೆದ್ದರು. ಆಮೇಲೆ ಕಾಂಗ್ರೆಸ್‌ಗೆ ಹೋಗಿ 2006ರ ಉಪಚುನಾವಣೆ ಎದುರಿಸಿದರು. ಆ ಚುನಾವಣೆ ನೆನಪಿರುವವರು ಇನ್ನೂ ತುಂಬಾ ಜನ ಇದ್ದಾರೆ. ಇಡೀ ರಾಜ್ಯದ ಕಣ್ಣು ಆ ಒಂದು ಕ್ಷೇತ್ರದ ಮೇಲಿತ್ತು, ಸಿದ್ದರಾಮಯ್ಯ ಗೆದ್ದ ಅಂತರ ಬರೀ 257 ಮತ.

ಅಲ್ಲಿಗೆ ಹಳೇ ಚಾಮುಂಡೇಶ್ವರಿಯ ಕಥೆ ಮುಗಿಯಿತು. 2008ರಲ್ಲಿ ಗೆರೆ ಬದಲಾಗಿ ವರುಣ ಅನ್ನೋ ಹೊಸ ಕ್ಷೇತ್ರ ಹುಟ್ಟಿತು. ಸಿದ್ದರಾಮಯ್ಯ ಅವರ ಹುಟ್ಟೂರು ಸಿದ್ದರಾಮನಹುಂಡಿ ಇರೋದು ವರುಣದಲ್ಲಿ. 2008, 2013 ಎರಡೂ ಸಲ ಅವರು ಅಲ್ಲಿಂದಲೇ ಗೆದ್ದರು. 2018ರಲ್ಲಿ ವರುಣವನ್ನು ಮಗ ಯತೀಂದ್ರ ಅವರಿಗೆ ಬಿಟ್ಟು ಚಾಮುಂಡೇಶ್ವರಿಗೆ ಬಂದರು. ಜಿ.ಟಿ. ದೇವೇಗೌಡರ ಎದುರು 36,042 ಮತಗಳಿಂದ ಸೋತರು. ಬಾದಾಮಿಯಲ್ಲೂ ನಿಂತಿದ್ದರು, ಅಲ್ಲಿ 1,696 ಮತಗಳಿಂದ ಗೆದ್ದು ಸದನಕ್ಕೆ ಬಂದರು. 2023ರಲ್ಲಿ ಮತ್ತೆ ವರುಣಕ್ಕೆ.

ಬೋರ್ಡು ಹಳೇದು, ಒಳಗಿನ ಊರುಗಳು ಬೇರೆ. 257 ಮತದಿಂದ ಗೆದ್ದ ಚಾಮುಂಡೇಶ್ವರಿಯನ್ನೂ 36,042 ಮತದಿಂದ ಸೋತ ಚಾಮುಂಡೇಶ್ವರಿಯನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ "ಜನರ ಮನಸ್ಸು ಬದಲಾಯಿತು" ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಜನರ ಮನಸ್ಸೂ ಬದಲಾಗಿರಬಹುದು. ಆದರೆ ಜನರೇ ಬದಲಾಗಿದ್ದಾರೆ ಅನ್ನೋದನ್ನು ಮೊದಲು ಹೇಳಬೇಕು.

ಪ್ರಶ್ನೆ: ಕೊಳ್ಳೇಗಾಲದ ಬಗ್ಗೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. 1952ರ ಮೈಸೂರು ವಿಧಾನಸಭೆಯ ಪಟ್ಟಿಯಲ್ಲಿ ಕೊಳ್ಳೇಗಾಲ ಸಿಗುತ್ತಿಲ್ಲ. ಆಗ ಅಲ್ಲಿ ಚುನಾವಣೆಯೇ ಆಗಲಿಲ್ವಾ?

ಆಯಿತು. ನೀವು ಹುಡುಕಿದ ಪಟ್ಟಿ ಬೇರೆ, ಅಷ್ಟೆ. ಕೊಳ್ಳೇಗಾಲ ಆಗ ಮದ್ರಾಸ್ ರಾಜ್ಯದಲ್ಲಿತ್ತು, ಕೊಯಮತ್ತೂರು ಜಿಲ್ಲೆಯ ತಾಲೂಕಾಗಿತ್ತು. ಆದ್ದರಿಂದ ಅಲ್ಲಿನ ಜನ 1952ರಲ್ಲಿ ಆರಿಸಿದ್ದು ಮದ್ರಾಸ್ ವಿಧಾನಸಭೆಗೆ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್‌ವಿಂಗಡಣೆ ಆದ ಮೇಲೆ ಮೈಸೂರಿಗೆ ಸೇರಿ, 1957ರಲ್ಲಿ ಮೊದಲ ಸಲ ಇಲ್ಲಿನ ವಿಧಾನಸಭೆಗೆ ಓಟು ಹಾಕಿದರು.

ಇದು ಕೊಳ್ಳೇಗಾಲದ ಕಥೆ ಮಾತ್ರ ಅಲ್ಲ. 1952ರಲ್ಲಿ ಮಂಗಳೂರು, ಉಡುಪಿ, ಬಳ್ಳಾರಿ ಕಡೆಯವರೂ ಮದ್ರಾಸಿಗೇ ಆರಿಸಿದರು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರು ಮುಂಬಯಿಗೆ, ಕಲಬುರಗಿ, ರಾಯಚೂರು, ಬೀದರಿನವರು ಹೈದರಾಬಾದಿಗೆ. ಕೊಡಗಿಗೆ ತನ್ನದೇ 24 ಸ್ಥಾನಗಳ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಹಳೇ ಮೈಸೂರಿನ ಸಭೆಯಲ್ಲಿ ಇದ್ದದ್ದು 99 ಸ್ಥಾನ. ಎಲ್ಲ ಕಡೆಯ ಕನ್ನಡದ ಊರುಗಳು ಸೇರಿ 1957ರಲ್ಲಿ 208 ಆಯಿತು, 1967ರಲ್ಲಿ 216, 1978ರಿಂದ 224.

ಒಂದು ಎಚ್ಚರಿಕೆ. 1952, 1957ರ ಪಟ್ಟಿಗಳಲ್ಲಿ ಕೆಲವು ಕ್ಷೇತ್ರಕ್ಕೆ ಇಬ್ಬರು ಗೆದ್ದವರು ಕಾಣುತ್ತಾರೆ. ಅದು ಅಚ್ಚಿನ ತಪ್ಪಲ್ಲ. ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಮೀಸಲು, ಮತದಾರರಿಗೆ ಎರಡು ಓಟು. 1961ರಲ್ಲಿ ಕಾನೂನು ಮಾಡಿ ಇದನ್ನು ತೆಗೆದರು.

ಪ್ರಶ್ನೆ: 2013ರ ನಮ್ಮ ಕ್ಷೇತ್ರದ ಫಲಿತಾಂಶದಲ್ಲಿ ನೋಟಾ ಕಾಲಂ ಇಲ್ಲ. ಯಾರೂ ಒತ್ತಲಿಲ್ವಾ?

ಒತ್ತಲು ನೋಟಾ, ಅಂದರೆ "ಮೇಲಿನ ಯಾರೂ ಅಲ್ಲ" ಅನ್ನೋ ಗುಂಡಿಯೇ ಇರಲಿಲ್ಲ. ಆ ಚುನಾವಣೆ ಮೇ ತಿಂಗಳಲ್ಲಿ ಆಯಿತು, ಆ ಗುಂಡಿ ಇಡಬೇಕು ಅನ್ನೋ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ನಮ್ಮ ವಿಧಾನಸಭೆಯ ಸಾರ್ವತ್ರಿಕ ಚುನಾವಣೆಯಲ್ಲಿ ನೋಟಾ ಬಂದದ್ದು 2018ರಿಂದ.

ಪ್ರಶ್ನೆ: ನನ್ನ ಕ್ಷೇತ್ರದ ಚುನಾವಣಾ ಇತಿಹಾಸವನ್ನು ನಾನೇ ಬರೆಯಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ದಯವಿಟ್ಟು ಬರೆಯಿರಿ. ಪ್ರತಿ ತಾಲೂಕಿನಲ್ಲೂ ಒಬ್ಬರಾದರೂ ಈ ಕೆಲಸ ಮಾಡಬೇಕು ಅಂತ ನಾನು ತುಂಬಾ ದಿನದಿಂದ ಆಸೆಪಡುತ್ತಿದ್ದೇನೆ.

ಕ್ಷೇತ್ರದ ಹೆಸರಿನಿಂದ ಶುರು ಮಾಡಬೇಡಿ, ನಿಮ್ಮ ಊರಿನಿಂದ ಶುರು ಮಾಡಿ. ನಿಮ್ಮ ಊರು ಯಾವ ಹೋಬಳಿ, ಆ ಹೋಬಳಿ ಯಾವ ಯಾವ ವರ್ಷ ಯಾವ ಕ್ಷೇತ್ರದಲ್ಲಿತ್ತು ಅಂತ ಮೊದಲು ಪತ್ತೆ ಮಾಡಿ. ಪುನರ್‌ವಿಂಗಡಣೆಯ ಆದೇಶಗಳಲ್ಲಿ ಹೋಬಳಿ, ಕಂದಾಯ ವೃತ್ತಗಳ ಹೆಸರು ಹಾಕಿಯೇ ಗಡಿ ಹೇಳಿರುತ್ತಾರೆ. ಆಮೇಲೆ ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ಚುನಾವಣೆಯ ಅಂಕಿ ಅಂಶಗಳ ವರದಿ ಸಿಗುತ್ತದೆ. ಅಭ್ಯರ್ಥಿ, ಪಕ್ಷ, ಮತ, ಎಲ್ಲ ಇರುತ್ತದೆ.

ಆ ವರದಿಗಳಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಉಪಚುನಾವಣೆ ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಇರೋದಿಲ್ಲ. ಕೊಳ್ಳೇಗಾಲವನ್ನೇ ನೋಡಿ. 2008ರಲ್ಲಿ ಧ್ರುವನಾರಾಯಣ, 2013ರಲ್ಲಿ ಎಸ್. ಜಯಣ್ಣ ಅಂತ ಬರೆದುಬಿಟ್ಟರೆ ನಡುವೆ 2009ರ ಉಪಚುನಾವಣೆಯಲ್ಲಿ ಗೆದ್ದ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ ಅವರು ಇತಿಹಾಸದಿಂದಲೇ ಮಾಯ. ಇನ್ನೊಂದು, ಪಟ್ಟಿಯಲ್ಲಿರುವ ಪಕ್ಷ ಗೆದ್ದ ದಿನದ ಪಕ್ಷ. 2018ರಲ್ಲಿ ಬಿಎಸ್‌ಪಿಯಿಂದ ಗೆದ್ದ ಮಹೇಶ್ ಅವರನ್ನು ಆ ಪಕ್ಷ 2019ರಲ್ಲಿ ಹೊರಹಾಕಿತು, 2021ರಲ್ಲಿ ಅವರು ಬಿಜೆಪಿ ಸೇರಿದರು. ಕೋಷ್ಟಕದಲ್ಲಿ ಐದು ವರ್ಷವೂ ಬಿಎಸ್‌ಪಿ ಅಂತಲೇ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾಖಲೆ ನಮೂನೆ 20. ಇದು ಮತಗಟ್ಟೆವಾರು ಫಲಿತಾಂಶದ ಹಾಳೆ. ಎಡಗಡೆ ಮತಗಟ್ಟೆಯ ಸಂಖ್ಯೆ, ಮುಂದೆ ಒಬ್ಬೊಬ್ಬ ಅಭ್ಯರ್ಥಿಗೆ ಬಿದ್ದ ಮತ, ಕೊನೆಯಲ್ಲಿ ಒಟ್ಟು. ನಿಮ್ಮ ಬೀದಿಯವರು ಏನು ಮಾಡಿದರು ಅನ್ನೋದು ಇದರಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಗುತ್ತದೆ. ಇತ್ತೀಚಿನ ಚುನಾವಣೆಗಳದ್ದು ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿದೆ. ಆದರೆ ಹಾಳೆಯಲ್ಲಿ ಸಂಖ್ಯೆ ಮಾತ್ರ ಇರುತ್ತದೆ, ಊರಿನ ಹೆಸರು ಇರೋದಿಲ್ಲ. ಮತಗಟ್ಟೆಗಳ ಪಟ್ಟಿಯನ್ನು ಬೇರೆಯಾಗಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಒಂದು ಚುನಾವಣೆಯಲ್ಲಿ 112 ಇದ್ದ ನಿಮ್ಮ ಮತಗಟ್ಟೆ ಮುಂದಿನದರಲ್ಲಿ 118 ಆಗಿರಬಹುದು. ಅದಕ್ಕೆ ಸಂಖ್ಯೆ ನಂಬಿಕೊಂಡು ಹೋಗಬೇಡಿ, ಪ್ರತಿ ಸಲವೂ ಶಾಲೆಯ ಹೆಸರು, ಕೊಠಡಿ ಯಾವ ದಿಕ್ಕಿನದು ಅಂತ ನೋಡಿಯೇ ಬರೆದುಕೊಳ್ಳಿ.