ಮಗಳಿಗೆ ತಂದ ಮೋಟಾರ್ ಹಡಗಿನ ಕಿಟ್ ಒಂದು ಕಡೆ ವಾಲುತ್ತದೆ, ಗಿರಕಿ ಹೊಡೆಯುತ್ತದೆ, ಒಳಗೆ ನೀರೂ ಬರುತ್ತದೆ. ಸರಿ ಮಾಡುವುದು ಹೇಗೆ?

ನೀವು ಬರೆದ ವಿವರ ಇಷ್ಟು: ಎಂಟು ವರ್ಷದ ಮಗಳು, 3 ಮಿಮೀ ಎಂಡಿಎಫ್ ಹಲಗೆಯ ಕಿಟ್, ಉದ್ದ 24 ಸೆಂಮೀ, ಅಗಲ 9, ಎರಡು ಎಎ ಸೆಲ್, ಒಂದು ಪುಟ್ಟ 3 ವೋಲ್ಟ್ ಮೋಟಾರು. ಹಾಳೆಯಲ್ಲಿ ಹೇಳಿದಂತೆ ಸೆಲ್ ಡಬ್ಬಿಯನ್ನು ಅಂಟಿಸಿ ಮುಗಿಸಿದ್ದೀರಿ. ಎಡವಿದ್ದು ಅಲ್ಲೇ. ನೀರಲ್ಲಿ ತೇಲಿಸಿ ನೋಡುವ ಮೊದಲು ಭಾರದ ಸಾಮಾನು ಯಾವುದನ್ನೂ ಅಂಟಿಸಬಾರದು. ಡಬ್ಬಿಯನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಮೇಲಿನ ಹಲಗೆಯನ್ನೂ ಅಂಟಿಸಿದ್ದರೆ ಅದೂ ಬರಬೇಕು.

ಮೊದಲು ನೀರು ಬರುವ ವಿಷಯ. ಎಂಡಿಎಫ್ ಎಂದರೆ ಒತ್ತಿದ ಮರದ ನಾರು. ಮುಖಕ್ಕಿಂತ ಕತ್ತರಿಸಿದ ಅಂಚು ಬೇಗ ನೀರು ಕುಡಿದು ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಹಾಗಾಗಿ ಎರಡು ದಿನ ಒಣಗಿಸಿ, ಸಂದುಗಳಿಗೆ ಒಳಗಡೆಯಿಂದ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ಎಳೆಯಿರಿ, ಆಮೇಲೆ ಒಳಗೂ ಹೊರಗೂ ಎನಾಮೆಲ್ ಪೇಂಟು ಎರಡು ಕೋಟು, ಅಂಚುಗಳಿಗೆ ಮೂರು. ಈ ಕ್ರಮ ತಪ್ಪಬಾರದು: ಪೇಂಟಿನ ಮೇಲೆ ಅಂಟು ನಿಲ್ಲುವುದಿಲ್ಲ. ಮಾಮೂಲಿ ಬಿಳಿ ಫೆವಿಕಾಲ್ ನೀರಲ್ಲಿ ಬಿಟ್ಟುಕೊಳ್ಳುತ್ತದೆ.

ಆದರೂ ನೀರು ಹೆಚ್ಚಾಗಿ ನುಗ್ಗುವುದು ಪ್ರೊಪೆಲರ್ ಕಂಬಿ ಹೊರಗೆ ಹೋಗುವ ಕೊಳವೆಯಿಂದ. ಕೊಳವೆಯ ಒಳತುದಿ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಗ್ರೀಸ್ ಇಲ್ಲದೆಯೂ ನೀರು ಒಳಗೆ ಬರಲಾರದು. ಲೆಕ್ಕ ಸುಲಭ. ಈ ಅಳತೆಯ ಹಡಗು ಸೆಲ್ ಸಮೇತ ಸುಮಾರು 210 ಗ್ರಾಂ ತೂಗುತ್ತದೆ. ಮೂತಿ ಚೂಪಾಗಿರುವುದರಿಂದ ತಳದ ವಿಸ್ತೀರ್ಣ ಹತ್ತಿರ ಹತ್ತಿರ 160 ಚದರ ಸೆಂಮೀ. 160 ಗ್ರಾಂ ಭಾರಕ್ಕೆ ಒಂದು ಸೆಂಟಿಮೀಟರ್ ಇಳಿಯುತ್ತದೆ, ಅಂದರೆ ಒಟ್ಟು 1.3 ಸೆಂಮೀ. ಕೊಳವೆ ಒಳಗೆ 10 ಸೆಂಮೀ ಉದ್ದವಿದ್ದು 15 ಡಿಗ್ರಿ ಓರೆಯಾಗಿದ್ದರೆ ತುದಿ ತಳದಿಂದ 2.6 ಸೆಂಮೀ ಎತ್ತರದಲ್ಲಿರುತ್ತದೆ. ಅಷ್ಟು ಸಾಕು. ಇನ್ನೂ ಓರೆ ಮಾಡಿದರೆ ತಳ್ಳುವ ಬಲದ ಹೆಚ್ಚೆಚ್ಚು ಪಾಲು ಹಿಂಭಾಗವನ್ನು ಎತ್ತುವುದಕ್ಕೇ ಹೋಗುತ್ತದೆ. ಕೊಳವೆಗೆ ವ್ಯಾಸಲಿನ್ ತುಂಬಿ. ಕಂಬಿಯೂ ಹಗುರವಾಗಿ ತಿರುಗುತ್ತದೆ.

ಕಿಟ್ಟಿನ ಕಂಬಿ ಬಾಗಿದ್ದರೆ ಎಸೆದುಬಿಡಿ. ಹಳೆಯ ಸೈಕಲ್ಲಿನ ನೆಟ್ಟಗಿರುವ ಕಡ್ಡಿ 2 ಮಿಮೀ ದಪ್ಪ, ಈ ಮೋಟಾರಿನ ಕಂಬಿಯೂ ಅಷ್ಟೇ. ಎರಡನ್ನೂ ಜೋಡಿಸಲು ಸೈಕಲ್ ವಾಲ್ವ್ ಟ್ಯೂಬಿನ ಎರಡು ಸೆಂಮೀ ತುಂಡು ಸಾಕು, ಸಣ್ಣಪುಟ್ಟ ಸೊಟ್ಟವನ್ನು ಅದೇ ನುಂಗಿಕೊಳ್ಳುತ್ತದೆ. ತೀರಾ ಸೊಟ್ಟ ಇದ್ದರೆ ಮೋಟಾರು ಗುಯ್ಯೆಂದು ನಡುಗುತ್ತದೆ, ಸೆಲ್ಲು ಬೇಗ ಮುಗಿಯುತ್ತದೆ.

ಇನ್ನು ವಾಲುವುದು. ಎರಡು ಆಲ್ಕಲೈನ್ ಸೆಲ್ ಸೇರಿ ಸುಮಾರು 46 ಗ್ರಾಂ. ಹತ್ತು ರೂಪಾಯಿಯ ನಾಣ್ಯ ಒಂದಕ್ಕೆ 7.7 ಗ್ರಾಂ, ಆರು ನಾಣ್ಯ ಎಂದರೆ ಸರಿಯಾಗಿ ಸೆಲ್ಲುಗಳ ತೂಕ. ಬಕೆಟ್ ಸಾಲದು, ಅಗಲದ ಟಬ್ಬಿನಲ್ಲಿ ನೀರು ತುಂಬಿ, ಮೋಟಾರು ಅದರ ಜಾಗದಲ್ಲಿರಲಿ, ಮಗಳ ಕೈಗೆ ನಾಣ್ಯ ಕೊಡಿ. ಎಲ್ಲಿಟ್ಟರೆ ಹಡಗು ಎಡಬಲ ಸಮನಾಗಿ, ಹಿಂಭಾಗ ಕೂದಲೆಳೆಯಷ್ಟು ತಗ್ಗಾಗಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಲಿ. ಮಕ್ಕಳಿಗೆ ಇಡೀ ಕೆಲಸದಲ್ಲಿ ಇದೇ ಹೆಚ್ಚು ಹಿಡಿಸುವುದು, ಆತುರಪಡಿಸಬೇಡಿ. ಗುರುತಿನ ಮೇಲೆ ಡಬ್ಬಿಯನ್ನು ನೇರ ತಳಕ್ಕೆ, ಎರಡು ಬದಿಯ ಟೇಪಿನಿಂದ ಅಂಟಿಸಿ. ಭಾರ ಕೆಳಗಿದ್ದಷ್ಟೂ ಹಡಗು ಮಗುಚುವುದು ಕಷ್ಟ. ಮೇಲಿನ ಕೋಣೆ, ಹೊಗೆಕೊಳವೆ ಎಂಡಿಎಫ್ ಆಗಿದ್ದರೆ ಅದೇ ಆಕಾರದಲ್ಲಿ ಥರ್ಮಾಕೋಲ್ ಕತ್ತರಿಸಿ ಕೂರಿಸಿ. ಥರ್ಮಾಕೋಲಿಗೆ ಮಾತ್ರ ಫೆವಿಕ್ವಿಕ್, ಸ್ಪ್ರೇ ಪೇಂಟ್ ಎರಡೂ ಬೇಡ, ಕರಗಿ ತೂತಾಗುತ್ತದೆ.

ಗಿರಕಿಗೆ ಕಾರಣ ಹಿಡಿಯಲು ಮೋಟಾರು ಆರಿಸಿ ಕೈಯಿಂದ ಮುಂದಕ್ಕೆ ತಳ್ಳಿ. ಆಗಲೂ ತಿರುಗಿದರೆ ಚುಕ್ಕಾಣಿ ಅಥವಾ ತಳ ಸೊಟ್ಟ. ಮೋಟಾರು ಓಡುವಾಗ ಮಾತ್ರ ತಿರುಗಿದರೆ ಕಂಬಿ ನಡುಗೆರೆ ಬಿಟ್ಟಿರಬಹುದು. ಅದು ನೆಟ್ಟಗಿದ್ದರೂ ಪ್ರೊಪೆಲರ್ ಹಿಂಭಾಗವನ್ನು ಸ್ವಲ್ಪ ಪಕ್ಕಕ್ಕೆ ಎಳೆಯುವುದು ಸಹಜ. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ 2×3 ಸೆಂಮೀ ತುಂಡು ಕತ್ತರಿಸಿ, ಪ್ರೊಪೆಲರಿನ ಬೆನ್ನಿಗೇ ಚುಕ್ಕಾಣಿಯಾಗಿ ನಿಲ್ಲಿಸಿ, ಗಿರಕಿಯ ಎದುರು ದಿಕ್ಕಿಗೆ ಐದು ಡಿಗ್ರಿ ತಿರುಗಿಸಿ ನೋಡಿ.

ಪ್ರೊಪೆಲರಿನ ಮೇಲ್ತುದಿ ನೀರಿನಿಂದ ಒಂದು ಸೆಂಮೀ ಕೆಳಗಿರಲಿ, ಇಲ್ಲವಾದರೆ ಗಾಳಿ ಎಳೆದುಕೊಂಡು ನೊರೆ ಎಬ್ಬಿಸುತ್ತದೆಯೇ ಹೊರತು ತಳ್ಳುವುದಿಲ್ಲ. ಹಡಗು ಹಿಂದಕ್ಕೆ ಹೋದರೆ ಮೋಟಾರಿನ ಎರಡು ವೈರು ಅದಲುಬದಲು ಮಾಡಿ. ಪ್ರೊಪೆಲರನ್ನೇ ತಿರುವಿ ಹಾಕುವವರಿದ್ದಾರೆ. ಅದರಿಂದ ದಿಕ್ಕು ಬದಲಾಗುವುದಿಲ್ಲ, ವೇಗ ಮಾತ್ರ ಕುಗ್ಗುತ್ತದೆ.

ವೇಗ ಸಾಲದೆಂದು ಚೌಕಾಕಾರದ 9 ವೋಲ್ಟ್ ಬ್ಯಾಟರಿ ಹಾಕಬೇಡಿ. ಮೋಟಾರು ಕೇಳುವಷ್ಟು ಕರೆಂಟು ಅದು ಬಹಳ ಹೊತ್ತು ಕೊಡಲಾರದು. ನಾಲ್ಕು ಎಎ ಸೆಲ್ ಹಾಕಿದರೆ ಓಡುತ್ತದೆ ನಿಜ, ಆದರೆ ಮೋಟಾರು ಕಾದು ಒಳಗಿನ ಬ್ರಷ್ ಸುಟ್ಟುಹೋಗುತ್ತದೆ. ಹಳೆಯ ಮೊಬೈಲಿನ ಲಿಥಿಯಂ ಬ್ಯಾಟರಿಯಂತೂ ನೀರಿನ ಆಟಿಕೆಗೆ ಬೇಡವೇ ಬೇಡ. ಸ್ವಿಚ್ಚನ್ನು ಮೇಲಿನ ಹಲಗೆಗೆ ಸರಿಸಿ, ಆಟ ಮುಗಿದ ಮೇಲೆ ಸೆಲ್ ತೆಗೆದು, ಹಲಗೆ ಬಿಚ್ಚಿ ಗಾಳಿಗೆ ಇಡಿ. ಮಗಳ ಕೂದಲು ಉದ್ದವಿದ್ದರೆ ಆಡುವಾಗ ಕಟ್ಟಿರಲಿ, ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ಟಬ್ ಆಗಲಿ ತೊಟ್ಟಿಯಾಗಲಿ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು.