ಎಸ್.ಆರ್. ಕಂಠಿಯವರು ನಿಜಲಿಂಗಪ್ಪನವರಿಗಾಗಿ ಕುರ್ಚಿ ಕಾಯ್ದವರು ಮಾತ್ರವೇ?

1962ರಲ್ಲಿ ಮೂರು ತಿಂಗಳ ಮಟ್ಟಿಗೆ ಮೈಸೂರು ರಾಜ್ಯದ (ಇಂದಿನ ಕರ್ನಾಟಕದ) ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಕಂಠಿಯವರಿಗೆ ಆ ಅಲ್ಪಾವಧಿಯನ್ನು ಬಿಟ್ಟು ಬೇರೇನಾದರೂ ಸಾಧನೆ ಇದೆಯೇ ಎಂದು ಕೇಳಿದ್ದೀರಿ. ಅವರು ಪ್ರತಿನಿಧಿಸುತ್ತಿದ್ದ ಹುನಗುಂದ ಕ್ಷೇತ್ರದವನಾದ ನನಗೆ, ಆ ಮೂರು ತಿಂಗಳು ಅವರ ಶಾಸಕ ಜೀವನದ ಒಂದು ಸಣ್ಣ ಭಾಗವೆಂದೇ ತೋರುತ್ತದೆ.

ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ 1908ರಲ್ಲಿ ಜನಿಸಿದ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು ಹುನಗುಂದದಲ್ಲಿ ವಕೀಲಿ ವೃತ್ತಿ ನಡೆಸಿ, ಆಗ ನಮ್ಮ ಭಾಗ ಸೇರಿದ್ದ ಮುಂಬಯಿ ವಿಧಾನಸಭೆಗೆ ಆಯ್ಕೆಯಾಗಿ, ಅಲ್ಲಿಯೇ ಉಪಸಭಾಧ್ಯಕ್ಷರೂ ಆಗಿದ್ದರು. ಏಕೀಕರಣದ ನಂತರ, 1956ರ ಡಿಸೆಂಬರ್‌ನಲ್ಲಿ, ವಿಸ್ತೃತ ಮೈಸೂರು ರಾಜ್ಯದ ವಿಧಾನಸಭೆ ಅವರನ್ನು ಸಭಾಧ್ಯಕ್ಷರನ್ನಾಗಿ ಆರಿಸಿತು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಹೊಣೆಯ ಕಾಲ ಇದೇ. ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗಿನ ಆಡಳಿತಗಳಲ್ಲಿ ಬೆಳೆದು ಬಂದ ಸದಸ್ಯರು ಮೊದಲ ಬಾರಿಗೆ ಒಂದೇ ಸದನದಲ್ಲಿ ಕುಳಿತಿದ್ದರು. ಪ್ರದೇಶಕ್ಕೊಂದರಂತಿದ್ದ ಕಾನೂನುಗಳ ಜಾಗದಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನು ರೂಪಿಸಬೇಕಿತ್ತು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ, 1961ರ ಭೂಸುಧಾರಣಾ ಕಾಯ್ದೆ ಸಿದ್ಧಗೊಂಡಿದ್ದು ಅವರು ಸಭಾಧ್ಯಕ್ಷ ಪೀಠದಲ್ಲಿದ್ದ ಅವಧಿಯಲ್ಲೇ.

ಇನ್ನು ನೀವು ಕೇಳಿದ ಮೂರು ತಿಂಗಳ ವಿಚಾರ. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಪಡೆದರೂ, ಮುಖ್ಯಮಂತ್ರಿಯಾಗಬೇಕಿದ್ದ ಆ ಪಕ್ಷದ ನಾಯಕ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಅವರ ಬದಲಿಗೆ ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕರಾಗಿದ್ದ ಬಿ.ಟಿ. ಮುರನಾಳರು ತಮ್ಮ ಸ್ಥಾನ ತೆರವು ಮಾಡಿ, ಅಲ್ಲಿಂದ ನಿಜಲಿಂಗಪ್ಪನವರು ಸದನ ಪ್ರವೇಶಿಸಿದ ಮೇಲೆ, ಜೂನ್‌ನಲ್ಲಿ ಕಂಠಿಯವರು ಅಧಿಕಾರ ಬಿಟ್ಟುಕೊಟ್ಟರು. ಈ ಕಾರಣಕ್ಕೆ ನಮ್ಮ ಭಾಗದಲ್ಲಿ ಅವರನ್ನು ಭರತನಿಗೆ ಹೋಲಿಸುವುದುಂಟು. ಗೌರವದ ಮಾತೇ ಸರಿ, ಆದರೆ ಅದನ್ನೇ ಮತ್ತೆ ಮತ್ತೆ ಹೇಳುತ್ತ ಅವರ ಉಳಿದ ಕೆಲಸವನ್ನು ನಾವೇ ಮರೆಮಾಡಿದ್ದೇವೆ ಎಂಬುದು ನನ್ನ ಕೊರಗು.

ಏಕೆಂದರೆ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ಕೆಲಸ ಮುಂದುವರಿಸಿದರು. 1963ರಲ್ಲಿ ಸೈನಿಕ ಶಾಲೆ ವಿಜಯಪುರದಲ್ಲಿ ನೆಲೆಗೊಂಡಿದ್ದರಲ್ಲಿ ಅವರ ಪಾತ್ರ ದೊಡ್ಡದು. ಬರಗಾಲಕ್ಕೆ ಹೆಸರಾದ ಜಿಲ್ಲೆಯೊಂದರ ರೈತರ ಮಕ್ಕಳಿಗೆ ಸೇನಾಧಿಕಾರಿಯಾಗುವ ದಾರಿ ಮನೆಯ ಹತ್ತಿರವೇ ತೆರೆಯಿತು. ಗಂಡುಮಕ್ಕಳಿಗಷ್ಟೇ ಅಂಥ ಶಿಕ್ಷಣ ಸಿಕ್ಕರೆ ಸಾಲದೆಂಬ ಆಲೋಚನೆಯಿಂದ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮ ಬಾಲಕಿಯರ ವಸತಿ ಶಾಲೆ 1969ರಲ್ಲಿ ಆರಂಭವಾಯಿತು. ಅದರ ಕಲ್ಪನೆಯೂ ಕಂಠಿಯವರದೇ. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು.

ಆದ್ದರಿಂದ ಅವರ ಬಗ್ಗೆ ತಿಳಿಯಬಯಸುವ ನೀವು 1962ರ ಬೇಸಿಗೆಯಿಂದ ಆರಂಭಿಸಬೇಡಿ. 1956ರಿಂದ 1962ರವರೆಗಿನ ವಿಧಾನಸಭಾ ನಡಾವಳಿಗಳು ಮುದ್ರಿತ ರೂಪದಲ್ಲಿವೆ. ಮೊದಲು ಅವುಗಳಲ್ಲಿ ಸಭಾಧ್ಯಕ್ಷರು ನೀಡಿದ ರೂಲಿಂಗ್‌ಗಳನ್ನು ಓದಿ, ಆಮೇಲೆ ಅವರ ಮುಖ್ಯಮಂತ್ರಿ ಅವಧಿಗೆ ಬನ್ನಿ.